ಶಾಸನದ ಮುಂದೆ ಶಾಲೆಯ ಮಕ್ಕಳು: ಬೆಂಗಳೂರು ವಸ್ತುಸಂಗ್ರಹಾಲಯದ ಕಥೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಸ್ಥಾಪನೆಯಾದದ್ದು 1865ರಲ್ಲಿ. ದಕ್ಷಿಣ ಭಾರತದ ಹಳೆಯ ಸಂಗ್ರಹಾಲಯಗಳಲ್ಲಿ ಇದೂ ಒಂದು. ಒಂದು ಮಗ್ಗುಲಿಗೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಇನ್ನೊಂದು ಮಗ್ಗುಲಿಗೆ ವೆಂಕಟಪ್ಪ ಚಿತ್ರಶಾಲೆ, ಬೆನ್ನಿಗೆ ಕಬ್ಬನ್ ಉದ್ಯಾನ. ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ತಿಂಗಳುಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಈ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಹೊರ ಜಿಲ್ಲೆಗಳಿಂದ ಬಂದ ಮಕ್ಕಳಿಗೆ ವಿಧಾನಸೌಧವನ್ನು ಹೊರಗಿನಿಂದ ತೋರಿಸಿ, ವಿಜ್ಞಾನದ ಯಂತ್ರಗಳನ್ನು ತೋರಿಸಿ, ಪಕ್ಕದಲ್ಲೇ ಇದೆಯಲ್ಲ ಎಂದು ಈ ಕಟ್ಟಡಕ್ಕೂ ಕರೆತರುವುದು ರೂಢಿ. ಇಲ್ಲಿ ನಿಂತಿರುವ ಶಾಸನದ ಕಲ್ಲುಗಳಿಗೂ ನಾಡಿನ ಶಾಲೆಗಳಿಗೂ ಬಹಳ ಹಳೆಯ ನಂಟಿದೆ. ಆದರೆ ಸಂಗ್ರಹಾಲಯ ಹುಟ್ಟಿದ್ದು ಕಲ್ಲುಗಳಿಗಾಗಿಯೂ ಅಲ್ಲ, ಮಕ್ಕಳಿಗಾಗಿಯೂ ಅಲ್ಲ.

ಇದರ ಹಿಂದೆ ಇದ್ದವರು ಮದರಾಸು ಸೇನೆಯ ವೈದ್ಯ ಎಡ್ವರ್ಡ್ ಗ್ರೀನ್ ಬಾಲ್ಫರ್. 1851ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿ ನಿಲ್ಲಿಸಿದ್ದವರೂ ಅವರೇ. ಗಿಡಮೂಲಿಕೆ, ಖನಿಜ, ಮರಮಟ್ಟು, ಪ್ರಾಣಿಗಳು, ಜನಸಂಖ್ಯೆ ಹೀಗೆ ಕಣ್ಣಿಗೆ ಬಿದ್ದುದನ್ನೆಲ್ಲ ದಾಖಲಿಸುವ ಹಂಬಲದ ಮನುಷ್ಯ. ಭಾರತದ ಬಗ್ಗೆ ದೊಡ್ಡ ವಿಶ್ವಕೋಶವೊಂದನ್ನೂ ಸಂಪಾದಿಸಿದರು. ಮದರಾಸಿನಲ್ಲಿ ಅವರಿಗೆ ಒಂದು ಪಾಠ ಸಿಕ್ಕಿತ್ತು. ಗಾಜಿನ ಪೆಟ್ಟಿಗೆಯ ಕಲ್ಲು, ಚಿಪ್ಪುಗಳನ್ನು ನೋಡಲು ಬರುವವರಿಗಿಂತ ಅಲ್ಲಿ ಕಟ್ಟಿಹಾಕಿದ್ದ ಜೀವಂತ ಚಿರತೆ, ಹುಲಿಮರಿಗಳನ್ನು ನೋಡಲು ಬರುವವರು ಹೆಚ್ಚು. ಅದನ್ನು ಕಂಡು ಅವರು ಸಂಗ್ರಹಾಲಯದ ಆವರಣದಲ್ಲೇ ಪ್ರಾಣಿಸಂಗ್ರಹಾಲಯವನ್ನು ಬೆಳೆಸಿದರು. ಬೆಂಗಳೂರಿನ ಕೆಲಸಕ್ಕೆ ಬಾಲ್ಫರ್ ಕೈಹಾಕಿದಾಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮುಖ್ಯ ಕಮಿಷನರ್ ಲೆವಿನ್ ಬೌರಿಂಗ್ ಬೆಂಬಲ ಕೊಟ್ಟರು. ದಂಡುಪ್ರದೇಶದಲ್ಲಿ ಹಿಂದೆ ಜೈಲಾಗಿದ್ದ ಕಟ್ಟಡವೊಂದರಲ್ಲಿ ಸಂಗ್ರಹಾಲಯ ಶುರುವಾಯಿತು. ಆ ಬೀದಿಗೆ ಅಂಟಿದ ಮ್ಯೂಸಿಯಂ ರಸ್ತೆ ಎಂಬ ಹೆಸರು ಸಂಗ್ರಹಾಲಯ ಅಲ್ಲಿಂದ ಎದ್ದುಹೋದ ಮೇಲೂ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಥ ಸಂಗ್ರಹಗಳಿಗೆ ಮಾದರಿ ಒದಗಿಸಿದ್ದು 1851ರ ಲಂಡನ್ ಮಹಾಪ್ರದರ್ಶನ. ಒಂದು ನಾಡಿನಲ್ಲಿ ಏನು ಬೆಳೆಯುತ್ತದೆ, ನೆಲದಡಿ ಏನು ಸಿಗುತ್ತದೆ, ಕುಶಲಕರ್ಮಿಗಳ ಕೈಯಲ್ಲಿ ಏನು ತಯಾರಾಗುತ್ತದೆ ಎಂಬುದನ್ನು ಒಂದೇ ಸೂರಿನಡಿ ತೋರಿಸುವುದು ಅದರ ಉದ್ದೇಶ. ಆಳುವವರಿಗೆ ಅದು ಸಂಪತ್ತಿನ ಲೆಕ್ಕ, ಜನರಿಗೆ ಸೋಜಿಗದ ನೋಟ. ಮುಂದೆ ಸಂಗ್ರಹಾಲಯದ ಹೆಮ್ಮೆಯಾಗಲಿದ್ದ ಹಳಗನ್ನಡದ ಕಲ್ಲುಗಳು ಆಗಿನ್ನೂ ಹಳ್ಳಿಗಳ ಕೆರೆ ಏರಿ, ಗುಡಿಯಂಗಳ, ಹೊಲದ ಬದುಗಳಲ್ಲೇ ಇದ್ದವು.

1877ರಲ್ಲಿ ಸಂಗ್ರಹಾಲಯಕ್ಕೆಂದೇ ಹೊಸ ಕಟ್ಟಡ ಎದ್ದಿತು. ವಿನ್ಯಾಸ ಮಾಡಿದವರು ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಪಕ್ಕದ ಉದ್ಯಾನವನ್ನು 1870ರಲ್ಲಿ ರೂಪಿಸಿದ್ದೂ, ಅದರಾಚೆಯ ಅಠಾರಾ ಕಚೇರಿಯನ್ನು ಕಟ್ಟಿಸಿದ್ದೂ ಅವರೇ. ಎತ್ತರದ ಕಂಬಗಳು, ಕೆಂಪು ಬಣ್ಣದ ಗೋಡೆಗಳು: ಎರಡೂ ಕಟ್ಟಡಗಳು ಒಂದೇ ಕೈಯ ಕೆಲಸವೆಂದು ದೂರದಿಂದಲೇ ಗುರುತು ಹತ್ತುತ್ತದೆ. ಇಂದು ಒಳಗೆ 18 ವಿಭಾಗಗಳಿವೆ. ನಾಣ್ಯ, ಆಯುಧ, ಸಂಗೀತವಾದ್ಯ, ಚಿತ್ರಕಲೆ, ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕ ವಸ್ತುಗಳು, ಕೊಡಗಿನ ಪ್ರಾಚೀನ ವಸ್ತುಗಳು, ಶ್ರೀರಂಗಪಟ್ಟಣದ ಕೋಟೆಯ ಉಬ್ಬುನಕ್ಷೆ, ಹೊಯ್ಸಳ ಮತ್ತು ನೊಳಂಬ ಶಿಲ್ಪಗಳು ಎಲ್ಲ ಇವೆ. ಆದರೂ ಈ ಸಂಗ್ರಹಾಲಯವನ್ನು ಕನ್ನಡನಾಡಿನ ಚರಿತ್ರೆಯ ಮನೆಯಾಗಿಸಿದ್ದು ಶಾಸನಗಳೇ. ಅವುಗಳ ಕಡೆ ಆಡಳಿತದ ಗಮನ ಹರಿದ ಬಗೆಯೇ ಒಂದು ಕಥೆ.

ಸಂಗ್ರಹಾಲಯ ಹುಟ್ಟಿದ 1865ರಲ್ಲೇ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಬೌರಿಂಗ್ ಅವರ ಸೂಚನೆಯಂತೆ ಸಂಸ್ಥಾನದ ಶಾಸನಗಳ ಛಾಯಾಚಿತ್ರ ತೆಗೆದರು. ಸುಮಾರು 150 ಚಿತ್ರಗಳು. ಅವುಗಳನ್ನು ಓದಿ ಅನುವಾದಿಸುವ ಹೊಣೆ ಬಿದ್ದದ್ದು ಬೆಂಜಮಿನ್ ಲೂಯಿಸ್ ರೈಸ್ ಅವರ ಮೇಲೆ. ಪಾದ್ರಿಯ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಇಂಗ್ಲೆಂಡಿನಲ್ಲಿ ಓದಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆಮೇಲೆ ಶಾಲಾ ತನಿಖಾಧಿಕಾರಿ, ಅನಂತರ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥ. ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ನಡೆದದ್ದು ಅವರ ಕಾಲದಲ್ಲಿ. ಶಾಲೆಗಳ ತಪಾಸಣೆಗೆ ಊರೂರು ಸುತ್ತುವಾಗ ಕಲ್ಲುಗಳ ಮೇಲಿನ ಬರಹಗಳು ಅವರ ಕಣ್ಣಿಗೆ ಬಿದ್ದವು. ಊರಿನವರು ದಿನವೂ ದಾಟಿಹೋಗುತ್ತಿದ್ದ, ಯಾರೂ ಓದಲಾಗದಿದ್ದ ಆ ಅಕ್ಷರಗಳನ್ನು ರೈಸ್ ಪಂಡಿತರ ನೆರವಿನಿಂದ ಬರೆದುಕೊಳ್ಳತೊಡಗಿದರು. ಶಾಲೆಯ ಕೆಲಸದಿಂದಲೇ ನಾಡಿನ ಶಾಸನಶಾಸ್ತ್ರ ಬೆಳೆಯಿತು ಎಂದರೆ ಅತಿಶಯವಲ್ಲ.

1879ರಲ್ಲಿ ರೈಸ್ ಮೈಸೂರಿನ ಶಾಸನಗಳ ಮೊದಲ ದೊಡ್ಡ ಸಂಕಲನ ಹೊರತಂದರು. 1885ರಲ್ಲಿ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆಯನ್ನು ತೆರೆದು ಅವರಿಗೆ ಒಪ್ಪಿಸಿತು. 1886ರಿಂದ ಮುಂದಿನ ಸುಮಾರು 20 ವರ್ಷಗಳಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು ಅಚ್ಚಾದವು. ಅವುಗಳಲ್ಲಿ ಸೇರಿದ ಶಾಸನಗಳು ಸುಮಾರು 9 ಸಾವಿರ. 1906ರಲ್ಲಿ ರೈಸ್ ನಿವೃತ್ತರಾದ ಮೇಲೆ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ. ಎಚ್. ಕೃಷ್ಣ ಆ ಕೆಲಸವನ್ನು ಮುಂದುವರಿಸಿದರು. ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನಲ್ಲಿ ಬೆಳಕಿಗೆ ಬಂದದ್ದು ಕೃಷ್ಣ ಅವರ ಕಾಲದಲ್ಲಿ.

ಈ ಕೆಲಸದ ಮೈಶ್ರಮವನ್ನೂ ಹೇಳಬೇಕು. ಮಣ್ಣು, ಪಾಚಿ, ಎಣ್ಣೆಜಿಡ್ಡು ಮೆತ್ತಿದ ಕಲ್ಲನ್ನು ಮೊದಲು ಉಜ್ಜಿ ತೊಳೆಯುತ್ತಾರೆ. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಮೆಲ್ಲನೆ ಬಡಿದು ಕಾಗದ ಅಕ್ಷರಗಳ ತಗ್ಗಿಗೆ ಇಳಿಯುವಂತೆ ಮಾಡುತ್ತಾರೆ. ಆಮೇಲೆ ಶಾಯಿ ಅದ್ದಿದ ಬಟ್ಟೆಯ ಗುಬ್ಬಟೆಯನ್ನು ಮೇಲೆ ಒತ್ತುತ್ತ ಹೋದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರ ಬೆಳ್ಳಗೂ ಮೂಡುತ್ತದೆ. ಒಣಗಿದ ಕಾಗದವನ್ನು ಸುಲಿದು ಸುತ್ತಿಕೊಂಡರೆ ಶಾಸನದ ಪಡಿಯಚ್ಚು ಸಿದ್ಧ. ಓದುವ ಕೆಲಸ ಬಹುಪಾಲು ಈ ಕಾಗದದ ಮೇಲೆಯೇ ನಡೆಯುತ್ತದೆ. ಹಾಗಾಗಿ ಕಲ್ಲನ್ನು ಊರಿನಿಂದ ಕದಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಸಾವಿರಾರು ಶಾಸನಗಳು ಇಂದಿಗೂ ಇದ್ದಲ್ಲೇ ಇವೆ. ಒಡೆದುಹೋಗುವ, ಮೆಟ್ಟಿಲಿಗೋ ಒಗೆಯುವ ಬಂಡೆಗೋ ಬಳಕೆಯಾಗುವ ಭಯವಿದ್ದವನ್ನು, ತೀರ ಅಪರೂಪದವನ್ನು ಸಂಗ್ರಹಾಲಯಗಳಿಗೆ ಸಾಗಿಸಲಾಯಿತು. ಸಾಗಿಸಿದ್ದರಿಂದ ಕಲ್ಲು ಉಳಿಯಿತು, ನಿಜ. ಆದರೆ ಯಾವ ಗುಡಿಯ ಎದುರು ನಿಂತಿತ್ತು, ಯಾವ ಕೆರೆಯ ನೀರಿನಿಂದ ಅದರ ದತ್ತಿಭೂಮಿ ಬೆಳೆಯುತ್ತಿತ್ತು ಎಂಬುದು ಗೋಡೆಯ ಬದಿಗೆ ನಿಲ್ಲಿಸಿದ ಮೇಲೆ ಕಾಣಿಸದು. ಅದನ್ನು ಮಾತಿನಲ್ಲಿ ಕಟ್ಟಿಕೊಡಬೇಕಾಗುತ್ತದೆ. ಮಕ್ಕಳ ಭೇಟಿ ಗೆಲ್ಲುವುದೂ ಸೋಲುವುದೂ ಇಲ್ಲಿಯೇ.

ಬೆಂಗಳೂರು ಸಂಗ್ರಹಾಲಯದಲ್ಲಿ ಹಾಗೆ ಮಾತಿನಲ್ಲಿ ಕಟ್ಟಿಕೊಡಲು ಆತಕೂರಿನ ಕಲ್ಲಿಗಿಂತ ಒಳ್ಳೆಯದು ಸಿಗದು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಈ ಶಾಸನದ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949–50. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯ ಮೇಲೆ ಎರಗಿರುವ ಉಬ್ಬುಶಿಲ್ಪವಿದೆ. ಅದರ ಹಿನ್ನೆಲೆ ತಕ್ಕೋಲದ ಯುದ್ಧ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದಾಗ ಅವನ ಜೊತೆಗಿದ್ದವನು ಗಂಗರ ಇಮ್ಮಡಿ ಬೂತುಗ. ಚೋಳ ಪರಾಂತಕನ ಮಗ ರಾಜಾದಿತ್ಯ ಆ ಯುದ್ಧದಲ್ಲಿ ಬೂತುಗನ ಕೈಯಿಂದ ಸತ್ತ. ಮೆಚ್ಚಿದ ಕೃಷ್ಣ ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಬೂತುಗನಿಗೆ ಕೊಟ್ಟ. ಬೂತುಗನ ಪಡೆಯ ಮುಂಚೂಣಿಯಲ್ಲಿ ಕಾದಿದವನು ಸಗರ ವಂಶದ ಮಣಲೆರ. ಏನು ಬೇಕೋ ಕೇಳು ಎಂದು ಒಡೆಯ ಹೇಳಿದಾಗ ಅವನು ಮೊದಲು ಕೇಳಿದ್ದು ನಾಡನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು.

ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆ ಎಂದು ಶಾಸನ ಎಚ್ಚರಿಸುತ್ತದೆ. ಹತ್ತನೆಯ ಶತಮಾನದ ದಕ್ಷಿಣ ಭಾರತದ ರಾಜಕೀಯದಲ್ಲಿ ಬಹು ಮುಖ್ಯವಾದ ಯುದ್ಧವೊಂದರ ಸಾಕ್ಷ್ಯ ಇತಿಹಾಸಕಾರರ ಕೈಗೆ ಸಿಕ್ಕಿರುವುದು ಒಂದು ನಾಯಿಯ ಸ್ಮಾರಕದಲ್ಲಿ ಎಂಬುದು ಈ ಕಲ್ಲಿನ ವಿಶೇಷ. ಪಠ್ಯಪುಸ್ತಕದ ರಾಷ್ಟ್ರಕೂಟರ ಪಾಠದಲ್ಲಿ ಕೃಷ್ಣನ ದಿಗ್ವಿಜಯಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಇಲ್ಲಿ ಅದೇ ಸಂಗತಿ ಒಡೆಯ, ಭಟ, ನಾಯಿ, ಕೆರೆ, ಪೂಜಾರಿ ಎಲ್ಲರನ್ನೂ ಒಳಗೊಂಡು ನಿಂತಿದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ದೊರೆಗಳ ವಂಶಾವಳಿ ನಿಲುಕದೆ ಹೋಗಬಹುದು. ಇಷ್ಟವಾದ ನಾಯಿಗೆ ಕಲ್ಲು ನಿಲ್ಲಿಸಿದವನು ನಿಲುಕುತ್ತಾನೆ.

ಇದೇ ಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಬೇರೆ ಬಗೆಯದು. ಬೆಂಗಳೂರಿನ ದಕ್ಷಿಣ ಅಂಚಿನ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು ಎಂಬ 12 ಹಳ್ಳಿಗಳ ಆಡಳಿತದ ಮುಖ್ಯ ಊರು. ಅಲ್ಲಿನ ನಾಗತ್ತರ ಎಂಬ ನಾಯಕ ಗಂಗ ದೊರೆ ಎರೆಯಪ್ಪನ ಆಣತಿಯಂತೆ ನೊಳಂಬರ ಅಯ್ಯಪದೇವನ ನೆರವಿಗೆ ಪಡೆಯೊಡನೆ ಹೋಗಿ ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಮಡಿದ. ಸುದ್ದಿ ತಿಳಿದ ದೊರೆ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು-12ನ್ನು ಕೊಟ್ಟ. ಶಾಸನ ಆ ಹಳ್ಳಿಗಳನ್ನು ಹೆಸರಿಸುತ್ತದೆ. ಕಲ್ಲಿನ ತುಂಬ ಯುದ್ಧವೇ ನಡೆದಿದೆ: ಆನೆ, ಕುದುರೆ, ಕತ್ತಿ ಹಿರಿದ ಭಟರು. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಉಳಿದಿರುವ ಇನ್ನೊಂದು ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಕ್ರಿ.ಶ. 900ರ ಆಸುಪಾಸಿನ ಆ ಸಾಲು ಸಿಕ್ಕ ಮೇಲೆ, ಮುಂದಿನ ಕಾಲದ ದೊರೆಯೊಬ್ಬನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಊರಿಗೆ ಹೆಸರು ಬಂತು ಎಂಬ ಕಥೆ ಕಥೆಯಾಗಿಯಷ್ಟೇ ಉಳಿಯಿತು. ನಗರದ ಹೆಸರು ಆ ದೊರೆಗಿಂತ ಶತಮಾನಗಳಷ್ಟು ಹಳೆಯದು.

ಅಕ್ಷರ ಓದಲು ಬಾರದವರೂ ವೀರಗಲ್ಲನ್ನು ಓದಬಹುದು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಕೆಳಗಿನದರಲ್ಲಿ ಕಾಳಗ, ಕೆಲವೊಮ್ಮೆ ತುರುಗಳನ್ನು ಬಿಡಿಸಿ ತರುವ ಹೋರಾಟ. ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿದ್ದಾನೆ, ಬದಿಯಲ್ಲಿ ಸೂರ್ಯ ಚಂದ್ರರು: ಅವರಿರುವವರೆಗೆ ಈ ಹೆಸರು ಇರಲಿ ಎಂಬ ಹಾರೈಕೆ. ಗಂಡನ ಚಿತೆಯೇರಿದ ಹೆಂಗಸರ ನೆನಪಿನ ಮಹಾಸತಿ ಕಲ್ಲುಗಳಲ್ಲಿ ಕಂಬದಿಂದ ಚಾಚಿದ, ಬಳೆ ತೊಟ್ಟ ತೋಳು ಕಾಣಿಸುತ್ತದೆ. ಈ ಕಲ್ಲುಗಳು ಗೌರವದ ಗುರುತುಗಳೂ ಹೌದು, ಹೆಂಗಸರ ಮೇಲೆ ಹೇರಿದ ಕ್ರೂರ ಪದ್ಧತಿಯ ಸಾಕ್ಷ್ಯಗಳೂ ಹೌದು. ಎರಡನ್ನೂ ಮಕ್ಕಳಿಗೆ ಹೇಳಲೇಬೇಕು. ಒಮ್ಮೆ ಈ ಕ್ರಮ ಕಲಿತ ವಿದ್ಯಾರ್ಥಿ ತನ್ನೂರಿನ ಹೊರವಲಯದ ಕಲ್ಲನ್ನೂ ಗುರುತಿಸಬಲ್ಲ. ವೀರಗಲ್ಲಿಲ್ಲದ ಹೋಬಳಿ ಹಳೆಯ ಮೈಸೂರು ಸೀಮೆಯಲ್ಲಿ ಅಪರೂಪ.

ಸಂಗ್ರಹಾಲಯ ಭೇಟಿಯನ್ನು ಪಾಠದ ಭಾಗವೆಂದು ಒಪ್ಪಿಕೊಂಡದ್ದು ಎಲ್ಲೆಡೆಯೂ ತಡವಾಗಿ. ಇಂಗ್ಲೆಂಡಿನಲ್ಲಿ ಶಾಲೆಯ ವೇಳೆಯಲ್ಲಿ ಸಂಗ್ರಹಾಲಯಕ್ಕೆ ಹೋದುದನ್ನು ಹಾಜರಿಯಾಗಿ ಪರಿಗಣಿಸುವ ನಿಯಮ ಬಂದದ್ದು 1890ರ ದಶಕದಲ್ಲಿ, ಅದೂ ಮ್ಯಾಂಚೆಸ್ಟರಿನ ಟಿ. ಸಿ. ಹಾರ್ಸ್‌ಫಾಲ್ ಅಂಥವರ ಒತ್ತಾಯದಿಂದ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಮಕ್ಕಳಿಗಾಗಿಯೇ ಮೊದಲ ಸಂಗ್ರಹಾಲಯ ತೆರೆದದ್ದು 1899ರಲ್ಲಿ. ಭಾರತದಲ್ಲಿ ಸ್ವಾತಂತ್ರ್ಯದ ನಂತರ ಮಕ್ಕಳನ್ನು ಮೊದಲು ಸೆಳೆದದ್ದು ವಿಜ್ಞಾನ ಸಂಗ್ರಹಾಲಯಗಳು. 1965ರಲ್ಲಿ ಕಲ್ಕತ್ತದಿಂದ ಪ್ರದರ್ಶಿಕೆಗಳನ್ನು ಹೊತ್ತ ಬಸ್ಸು ಹಳ್ಳಿಯ ಶಾಲೆಗಳತ್ತ ಹೊರಟಿತು. ಅದೇ ವರ್ಷ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಸಂಗ್ರಹಾಲಯದ ಮೊದಲ ವಿಭಾಗ ಜನರಿಗೆ ತೆರೆಯಿತು. ವಿದ್ಯುತ್ತಿನ ಬಗೆಗಿನ ವಿಭಾಗ ಅದು. ನೂರು ವರ್ಷ ಹಳೆಯ ಸಂಗ್ರಹಾಲಯದ ಪಕ್ಕದಲ್ಲೇ, ಗುಂಡಿ ಒತ್ತಿದರೆ ಚಕ್ರ ತಿರುಗುವ, ಕೈಯಿಂದ ಮುಟ್ಟಿ ನೋಡಬಹುದಾದ ಲೋಕವೊಂದು ಎದ್ದಿತು. ಅದರಿಂದ ಚರಿತ್ರೆಯ ಸಂಗ್ರಹಾಲಯಕ್ಕೆ ಬರುವ ಮಕ್ಕಳು ಹೆಚ್ಚಾದರು, ಆದರೆ ಅವರು ಬರುವುದು ದಣಿದ ಕಾಲುಗಳಿಂದ, ಊಟದ ಹೊತ್ತು ಹತ್ತಿರವಾದಾಗ. ಮುಟ್ಟಬಾರದು, ಸಾಲು ಬಿಡಬಾರದು, ಸದ್ದು ಮಾಡಬಾರದು ಎಂಬ ಮೂರು ಸೂಚನೆಗಳ ನಡುವೆ 18 ವಿಭಾಗಗಳನ್ನು ಅರ್ಧ ಗಂಟೆಯಲ್ಲಿ ಸುತ್ತಿದ ಮಗುವಿಗೆ ಯಾವ ಕಲ್ಲೂ ಮಾತಾಡುವುದಿಲ್ಲ.

ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ರಾಜ್ಯ ನಡೆಸುವ ಕರ್ನಾಟಕ ದರ್ಶನ ಪ್ರವಾಸಗಳು ಕೂಲಿಕಾರರ, ಸಣ್ಣ ರೈತರ ಮಕ್ಕಳಿಗೂ ಈ ಬಾಗಿಲು ತೆರೆದವು. ಮನೆಯಲ್ಲಿ ಪ್ರವಾಸದ ಹಣ ಹೊಂದಿಸಲಾಗದೆ ತರಗತಿಯಲ್ಲೇ ಉಳಿಯುತ್ತಿದ್ದ ಮಕ್ಕಳನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಇನ್ನು ಬೇಕಾದ್ದು ಸಮಯ ಮತ್ತು ಓದಿ ಹೇಳುವವರು. ಫಲಕದ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದಕ್ಕಿಂತ, ಒಂದೇ ಶಾಸನದ ಮುಂದೆ ಇಡೀ ತರಗತಿಯನ್ನು ಕೂರಿಸಿ ಅದರ ಅಕ್ಷರಗಳಲ್ಲಿ ಇಂದಿನ ಕನ್ನಡದ ಅಕ್ಷರಗಳನ್ನು ಹುಡುಕಿಸುವುದು ಹೆಚ್ಚು ಫಲ ಕೊಡುತ್ತದೆ. ಹತ್ತನೆಯ ಶತಮಾನದ ಲಿಪಿಯಲ್ಲಿ ಕೆಲವು ಅಕ್ಷರಗಳು ಸ್ವಲ್ಪ ಕಣ್ಣು ಪಳಗಿದರೆ ಗುರುತು ಹತ್ತುತ್ತವೆ. ತಲೆಕಟ್ಟು, ಕೊಂಬುಗಳು ಬದಲಾದ ಬಗೆಯೂ ತಿಳಿಯುತ್ತದೆ.

ಪ್ರವಾಸದ ದಾರಿಯಲ್ಲಿ ಬೆಂಗಳೂರೊಂದೇ ಇಲ್ಲ. ವಿಜಯಪುರದಲ್ಲಿ ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿ, ಕಮಲಾಪುರದಲ್ಲಿ ಹಂಪಿಯ ಮಾದರಿಯ ಸುತ್ತ, ಹಳೇಬೀಡು, ಐಹೊಳೆ, ಬಾದಾಮಿಗಳಲ್ಲಿ ಗುಡಿಗಳ ಬದಿಯಲ್ಲೇ ಸಂಗ್ರಹಾಲಯಗಳಿವೆ. ಶಿಲ್ಪವನ್ನು ನೋಡಿ ಹೊರಬಂದರೆ ಅದು ಇದ್ದ ಜಾಗವೇ ಎದುರಿಗಿರುವುದು ಇವುಗಳ ಹೆಚ್ಚುಗಾರಿಕೆ. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ದೊರೆಗಳ ಬದಲು ಬೀಸುಕಲ್ಲು, ನೇಗಿಲು, ತೊಗಲುಗೊಂಬೆಗಳಿವೆ.

ಇತ್ತೀಚೆಗೆ ಇನ್ನೊಂದು ದಾರಿಯೂ ತೆರೆದಿದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಯ ಜಾಗದಲ್ಲಿ ಕಿತ್ತಯ್ಯ ಎಂಬವನ ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಈ ಕಲ್ಲಿನಲ್ಲಿ ಹೆಬ್ಬಾಳದ ಹಳೆಯ ರೂಪವಾದ ಪೆರ್ಬೊಳಲ್ ಹೆಸರಿದೆ. ಅದನ್ನು ಸಂಗ್ರಹಾಲಯಕ್ಕೆ ಸಾಗಿಸುವ ಬದಲು ಊರಿನಲ್ಲೇ ಉಳಿಸಿಕೊಳ್ಳಲು ಸ್ಥಳೀಯರು ಮುಂದಾದರು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿದೆ. ಸವೆದ ಅಕ್ಷರದ ತಗ್ಗುಗಳು ಪರದೆಯ ಮೇಲೆ ಬರಿಗಣ್ಣಿಗಿಂತ ಸ್ಪಷ್ಟವಾಗಿ ಕಾಣುತ್ತವೆ. ಪ್ರವಾಸಕ್ಕೆ ಮುಂಚೆಯೇ ಶಾಲೆಯಲ್ಲಿ ಇಂಥ ಚಿತ್ರವನ್ನು ತೆರೆದು, ನಾಲ್ಕಾರು ಅಕ್ಷರ ಓದಲು ಕಲಿಸಿ, ಆಮೇಲೆ ಮಕ್ಕಳನ್ನು ಕಲ್ಲಿನ ಬಳಿಗೆ ಕರೆದೊಯ್ಯಲು ಇಂದು ಅಡ್ಡಿಯಿಲ್ಲ.